ಒಳಗಿಲ್ಲದ ‘ಮ’

ಸಾಗರದಿಂದ ಏಳೆಂಟು ಕಿಲೋಮೀಟರು ದೂರದ ಹೆಗ್ಗೋಡು. ರಸ್ತೆಯಿಂದ ತೋಟದ ಕಡೆಗೆ ಇಳಿಯುವ ದಾರಿಯಲ್ಲಿ ಒಂದು ಮನೆ, ಅದರ ಜಗಲಿಗೆ ತಾಗಿಕೊಂಡು ಒಂದು ಕೋಣೆ. ದೀಪಾವಳಿ ಕಳೆದು ಮೂರು ವಾರ, ಅಂಗಳದ ಅಟ್ಟದ ಮೇಲೆ ಬೇಯಿಸಿದ ಅಡಿಕೆ ಒಣಗುತ್ತಿದೆ. ಕೋಣೆಯಲ್ಲಿ ಇಬ್ಬರು. ಒಬ್ಬಾಕೆ ಇಪ್ಪತ್ತೈದು ವರ್ಷಗಳಿಂದ ಇದೇ ಮೇಜಿನೆದುರು ಕೂತು ಪುಸ್ತಕ, ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿಗಳಿಗೆ ಅಕ್ಷರ ಜೋಡಿಸಿದವರು. ಇನ್ನೊಬ್ಬ ಶಿವಮೊಗ್ಗದಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವವನು, ಅಪ್ಪನ ಹಳೆಯ ಪುಸ್ತಕದ ಕಡತ ಕೇಳಿಕೊಂಡು ಬಂದಿದ್ದಾನೆ.

– ಅಕ್ಕ, ಪರದೆ ಮೇಲಿನ ಈ ಎಚ್ಚರಿಕೆ ಎಷ್ಟು ದಿನದಿಂದ ಬರ್ತಾ ಇದೆ?

– ಮಳೆಗಾಲದಿಂದ. ಬಂದಾಗೆಲ್ಲ ಮುಚ್ಚಿ ಕೆಲಸ ಮುಂದುವರಿಸ್ತೇನೆ.

– 2025ರ ಅಕ್ಟೋಬರ್ 14ಕ್ಕೆ ಮುಗೀತು. ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. ಕಂಪನಿಯವರು ಹತ್ತು ವರ್ಷ ನಡೆಸಿದರು, ಇನ್ನು ತೇಪೆ ಹಾಕುವುದಿಲ್ಲ ಅಂತ ಹೇಳಿದ್ದಾರೆ.

– ಮುಗೀತು ಅಂದರೆ ಎಂತ? ಇವತ್ತು ಬೆಳಿಗ್ಗೆಯೂ ಹತ್ತಿತಲ್ಲ.

– ಹತ್ತುತ್ತದೆ, ನಾಳೆಯೂ ಹತ್ತುತ್ತದೆ. ಬೇಲಿ ಮುರಿದರೆ ಕಟ್ಟುವವರು ಇಲ್ಲ, ಅದಷ್ಟೇ ವ್ಯತ್ಯಾಸ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅಂತ ಒಂದು ಬಂದಿತ್ತು, ನೆನಪುಂಟಾ? ಲೋಕದ ತುಂಬ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಅದು ನುಗ್ಗಿದ ಕಿಂಡಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಹಾಕಿಕೊಳ್ಳದವರೇ ಹೆಚ್ಚಿಗೆ ಸಿಕ್ಕಿಕೊಂಡರು. ಇನ್ನು ಮುಂದೆ ನಿಮ್ಮ ಯಂತ್ರಕ್ಕೆ ಅಂಥ ತೇಪೆಯೇ ಬರುವುದಿಲ್ಲ. ಬೇಕಾದರೆ ಮನೆ ಕಂಪ್ಯೂಟರುಗಳಿಗೆ 2026ರ ಅಕ್ಟೋಬರ್ 13ರ ತನಕ ಒಂದು ವರ್ಷ ಹೆಚ್ಚುವರಿ ಕೊಡುತ್ತಾರೆ, ಅವರಲ್ಲಿ ಖಾತೆ ತೆರೆದು ಹೆಸರು ನೋಂದಾಯಿಸಬೇಕು.

– ಒಂದು ವರ್ಷ ಆದ ಮೇಲೆ ಮತ್ತೆ ಇದೇ ಮಾತು.

– ಹೌದು. ಅದಕ್ಕೇ ನಾನು ಹೇಳುವುದು, ಹೊಸ ಯಂತ್ರ ತಗೊಳ್ಳಿ, ವಿಂಡೋಸ್ ಹನ್ನೊಂದಕ್ಕೆ ಹೋಗಿ. ಈ ಯಂತ್ರದಲ್ಲಿ ಅದು ಕೂರುವುದಿಲ್ಲ. ಟಿಪಿಎಂ ಅಂತ ಒಂದು ಭದ್ರತೆಯ ಚಿಪ್ ಬೇಕು, ಎರಡನೆಯ ಆವೃತ್ತಿಯದು. ಪ್ರೊಸೆಸರ್ ಇಂಟೆಲ್ಲಿನದಾದರೆ ಎಂಟನೇ ಪೀಳಿಗೆಯದಾದರೂ ಇರಬೇಕು. ನಿಮ್ಮದು ನಾಲ್ಕನೆಯದು.

– 2014ರಲ್ಲಿ ತಗೊಂಡದ್ದು. ಕೀಲಿಮಣೆ ಬಿಟ್ಟು ಇದರಲ್ಲಿ ಒಂದೂ ಕೆಟ್ಟಿಲ್ಲ.

– ಕೆಡುವುದರ ಮಾತಲ್ಲ ಅಕ್ಕ.

– ನನಗೆ ಕೆಡುವುದರ ಮಾತೇ. ಕೇಳು. 2009ರ ಮೇ ತಿಂಗಳಲ್ಲಿ ಸಿಡಿಲು ಬಡಿದು ಆಗಿನ ಯಂತ್ರ ಸತ್ತಿತು. ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಡಿಸ್ಕ್ ಉಳಿದಿತ್ತಂತೆ, ಆದರೆ ‘ಹೊಸ ಸಿಸ್ಟಮ್ ಹಾಕಿ ಕೊಟ್ಟಿದ್ದೇವೆ, ಚೊಕ್ಕ ಆಗಿದೆ’ ಅಂತ ವಾಪಸು ಕೊಟ್ಟರು. ಚೊಕ್ಕ ಅಂದರೆ ಒಳಗಿದ್ದದ್ದೆಲ್ಲ ಅಳಿಸಿತ್ತು. ಎರಡು ಪುಸ್ತಕ ಹೋಯಿತು. ಒಂದನ್ನ ಬರೆದವರು ಆ ಹೊತ್ತಿಗೆ ತೀರಿಕೊಂಡಿದ್ದರು, ಕೈಬರಹದ ಪ್ರತಿಗೆ ಒರಲೆ ಹತ್ತಿತ್ತು. ಅವರ ಹೆಂಡತಿ ಬಂದು ಈ ಬೆಂಚಿನ ಮೇಲೆ ಕೂತು ಹೋದರು. ಆವತ್ತಿನಿಂದ ‘ಹೊಸ ಸಿಸ್ಟಮ್’ ಅಂದರೆ ನನಗೆ ಆ ಬೆಂಚೇ ಕಾಣುವುದು. ನಿನ್ನ ಅಪ್ಪನ ಪುಸ್ತಕದ ಕಡತ ಉಳಿದದ್ದು ಅದು ಸಿಡಿಯಲ್ಲೂ ಇತ್ತು ಅಂತ.

– ಅದನ್ನೇ ಒಂದು ಪೆನ್‌ಡ್ರೈವಿಗೆ ಹಾಕಿಕೊಡಿ. ಮರುಮುದ್ರಣಕ್ಕೆ ಮಾತ್ರ ಅಲ್ಲ. ಅಪ್ಪನಿಗೆ ಈಗ ಅಕ್ಷರ ಕಾಣುವುದಿಲ್ಲ, ಎಲ್ಲ ಮಸುಕು. ಫೋನು ಕನ್ನಡವನ್ನ ಗಟ್ಟಿಯಾಗಿ ಓದುತ್ತದಲ್ಲ, ಅವರ ಪುಸ್ತಕವನ್ನೇ ಅವರಿಗೆ ಕೇಳಿಸುವಾ ಅಂತ.

– ಕೊಡ್ತೇನೆ. ಆದರೆ ಫೋನು ಅದನ್ನ ಓದುವುದಿಲ್ಲ.

– ಯಾಕೆ? ಕನ್ನಡವೇ ಅಲ್ಲವಾ?

– ಪರದೆ ಮೇಲೆ ಕನ್ನಡ. ಒಳಗೆ ಅಲ್ಲ. ಇಲ್ಲಿ ಬಾ, ಇದನ್ನ ನೋಡು. ನಿನ್ನ ಅಪ್ಪ ತೋಟದ ಮಾತುಗಳನ್ನ ಕೂಡಿಸಿ ಅರ್ಥ ಬರೆದ ಪುಸ್ತಕ, 2003. ‘ಮೆಟ್ಟುಗತ್ತಿ’ ಅಂತ ಕಾಣ್ತದಲ್ಲ? ಫಾಂಟ್ ಬದಲಿಸ್ತೇನೆ ನೋಡು, ಇಂಗ್ಲಿಷಿನದು ಒಂದು ಕೊಡ್ತೇನೆ.

– ಅಯ್ಯೋ. ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ತಲೆ ಮೇಲೆ ಚುಕ್ಕಿ ಇಟ್ಟ ‘ಎ’ಗಳು...

– ಒಳಗಿರುವುದು ಅದೇ. ನಾವು ಮಾಡಿದ್ದೆಲ್ಲ ಆ ಗುರುತುಗಳಿಗೆ ಕನ್ನಡದ ತುಣುಕುಗಳ ಮುಖ ತೊಡಿಸಿದ್ದು. ತುಣುಕು ಅಂದೆ, ಅಕ್ಷರ ಅನ್ನಲಿಲ್ಲ. ‘ಕ’ ಅಂದರೆ ಒಂದು ಮೈ, ಒಂದು ತಲೆಕಟ್ಟು, ಎರಡು ಬೇರೆ ಬೇರೆ ಗುರುತು. ‘ಮ’ ಅಂತ ಒಂದು ಅಕ್ಷರವೇ ಇದರೊಳಗೆ ಇಲ್ಲ. ‘ವ’ ಬರೆದು ಪಕ್ಕಕ್ಕೆ ಒಂದು ಕೊಂಬು ಇಟ್ಟರೆ ಕಣ್ಣಿಗೆ ‘ಮ’. ನುಡಿ, ಬರಹ, ಆ ಕಾಲದ ನಮ್ಮ ಎಲ್ಲ ತಂತ್ರಾಂಶಗಳ ಹಾದಿ ಹೆಚ್ಚುಕಮ್ಮಿ ಇದೇ. ಕೊಟ್ಟ ಜಾಗ ಇನ್ನೂರು ಚಿಲ್ಲರೆ ಮನೆ, ಅದರಲ್ಲಿ ಇಡೀ ಕಾಗುಣಿತ, ಒತ್ತು, ಅಂಕಿ ಎಲ್ಲ ಕೂರಿಸಬೇಕು. ಕೂರಿಸಿದರು. ಅದನ್ನ ಸಣ್ಣದು ಅನ್ನುವುದಿಲ್ಲ ನಾನು. ಅವರು ಅದನ್ನ ಮಾಡದಿದ್ದರೆ ಈ ಕೋಣೆಯಲ್ಲಿ ಒಂದು ಪುಸ್ತಕವೂ ಆಗುತ್ತಿರಲಿಲ್ಲ.

– ಹಾಗಾದರೆ ಇದರಲ್ಲಿ ‘ಮೆಟ್ಟುಗತ್ತಿ’ ಅಂತ ಹುಡುಕಿದರೆ?

– ಇದೇ ಫಾಂಟಿನಲ್ಲಿ, ಇದೇ ತುಣುಕುಗಳನ್ನ ಇದೇ ಸಾಲಿನಲ್ಲಿ ಒತ್ತಿದರೆ ಸಿಗ್ತದೆ. ಬೇರೆ ಯಾರ ಕೈಗೂ ಸಿಗುವುದಿಲ್ಲ. ಇನ್ನೊಂದು ಕೇಳು. ಕೊನೆಗೆ ಅಕಾರಾದಿ ಪಟ್ಟಿ ಬೇಕು ಅಂದರು ನಿನ್ನ ಅಪ್ಪ. ಕಂಪ್ಯೂಟರಿಗೆ ಹೇಳಿದರೆ ಅದು ‘ರಾಶಿ’ಯನ್ನ ‘ಬೆಟ್ಟೆ’ಗಿಂತ ಮುಂಚೆ ಹಾಕಿತು. ‘ರ’ಕ್ಕೆ ಕೊಟ್ಟ ಇಂಗ್ಲಿಷ್ ಗುರುತು ಮೊದಲು ಬರ್ತದೆ, ‘ಬ’ದ್ದು ಎಲ್ಲೋ ಕೆಳಗೆ. ‘ಮ’, ‘ವ’ ಎರಡೂ ಒಂದೇ ಗುಂಪು. ಬೇರೆ ದಾರಿ ಇಲ್ಲದೆ ಚೀಟಿ ಮಾಡಿದೆವು. ಗೊರಬಲು, ಗೋಟು, ಚೊಗರು, ಬೆಟ್ಟೆ, ರಾಶಿ, ಸರಕು, ಸಿಂಗಾರ, ಸೋಗೆ, ಹಾಳೆ. ಒಂದೊಂದು ಮಾತಿಗೆ ಒಂದು ಚೀಟಿ, ಜಗಲಿ ತುಂಬ ಹರಡಿಕೊಂಡು, ಫ್ಯಾನ್ ಹಾಕುವ ಹಾಗಿಲ್ಲ, ಹಾರಿಹೋಗ್ತದೆ. ಎರಡು ದಿನ. ನಿನ್ನ ಅಪ್ಪ ನೆಲದ ಮೇಲೆ ಕೂತು ಜೋಡಿಸಿದರು, ನಾನು ನೋಡಿಕೊಂಡು ಕುಟ್ಟಿದೆ.

– ಆಗ ಯೂನಿಕೋಡ್ ಇರಲಿಲ್ಲವಾ?

– ಇತ್ತು! ಇವತ್ತಿಗೂ ನನಗೆ ನೋವಾಗುವ ವಿಷಯ ಅದೇ. ನಮ್ಮ ಊರಿನ ನಾಟಕ ಸಂಸ್ಥೆ ನೀನಾಸಂ ಕಟ್ಟಿದ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತಲ್ಲ, 1991, ಆ ವರ್ಷವೇ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡ ಇತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರೊಳಗೇ ಒಂದು ಕನ್ನಡ ಫಾಂಟ್ ಬಂತು, ಹೆಸರು ತುಂಗಾ. ತೀರ್ಥಹಳ್ಳಿಯ ಹೊಳೆಯ ಹೆಸರು! ಅದರಲ್ಲಿ ‘ಮ’ ಅಂದರೆ ‘ಮ’ವೇ. ಆದರೆ ಪುಸ್ತಕದ ಪುಟ ಕಟ್ಟುವುದು ಪೇಜ್‌ಮೇಕರಿನಲ್ಲಿ, ಪೇಜ್‌ಮೇಕರಿಗೆ ಯೂನಿಕೋಡ್ ಗೊತ್ತಿಲ್ಲ. ಅಚ್ಚಿನ ಮನೆಯವರು ಕೇಳುವುದು ಪೇಜ್‌ಮೇಕರ್ ಕಡತ. ಕಂಪ್ಯೂಟರಿನ ಒಳಗೇ ತುಂಗಾ ಹರಿಯುತ್ತಿತ್ತು, ನಾವು ದಡದಲ್ಲಿ ಕೂತು ಬೇರೆ ನೀರಿನಲ್ಲಿ ಅಕ್ಷರ ತೊಳೆದೆವು.

– ಈ ವಿಷಯ ಮೊದಲೇ ಯಾರೂ ಹೇಳಲಿಲ್ಲವಾ ಅಕ್ಕ? ಸಾಹಿತಿ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಓಡಾಡಿದ್ದು ಓದಿದ್ದೇನೆ, ಹಂಪಿಯ ವಿಶ್ವವಿದ್ಯಾಲಯದ ಜೊತೆ ಸೇರಿ.

– ಹೇಳಿದವರು ಇದ್ದರು. ಕೇಳಿಸಿಕೊಳ್ಳುವಷ್ಟು ಪುರುಸೊತ್ತು ನಮಗೆ ಇರಲಿಲ್ಲ. ನಾಳೆ ಲಗ್ನಪತ್ರಿಕೆ ಕೊಡಬೇಕು ಅನ್ನುವವರಿಗೆ ಇಪ್ಪತ್ತು ವರ್ಷದಾಚೆ ಕಾಣುವುದಿಲ್ಲ. ನಾನು ಸಾಗರದ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ ಕೆಲಸ ಕಲಿತವಳು. ಸೀಸದ ಮೊಳೆ. ಅಚ್ಚಾದ ಮೇಲೆ ಪುಟ ಬಿಚ್ಚಿ ಒಂದೊಂದು ಮೊಳೆಯನ್ನೂ ಅದರದರ ಮನೆಗೆ ವಾಪಸು ಹಾಕಬೇಕು, ಇಲ್ಲದಿದ್ದರೆ ನಾಳಿನ ಪುಟಕ್ಕೆ ಮೊಳೆ ಇಲ್ಲ. ಮರುಮುದ್ರಣ ಅಂದರೆ ಮೊದಲಿಂದ ಜೋಡಿಸುವುದು. ಜೋಡಿಸಿದ್ದು ಉಳಿಯುತ್ತದೆ ಅಂತ ಯಾರೂ ನಂಬಿರಲಿಲ್ಲ, ಪುಸ್ತಕ ಉಳಿಯುತ್ತದೆ ಅಷ್ಟೆ. ಕಂಪ್ಯೂಟರ್ ಬಂದ ಮೇಲೆ ನಂಬಿದೆವು, ಇದು ಒಳಗೇ ಇರ್ತದೆ, ಯಾವಾಗ ಬೇಕಾದರೂ ತೆಗೀಬಹುದು ಅಂತ. ಈಗ ಪುಸ್ತಕವೇ ಉಳಿದದ್ದು, ಒಳಗಿರುವುದು ಅದರ ನೆರಳು. ಅದಕ್ಕೇ ನೀನು ಹನ್ನೊಂದಕ್ಕೆ ಹೋಗು ಅಂದಾಗ ನನಗೆ ಮೊದಲು ಕಾಣುವುದು ಇದು.

– ಇದು ಅಂದರೆ?

– ಹಿಂದೆ ನೋಡು, ಯಂತ್ರದ ಬೆನ್ನಿಗೆ ಚುಚ್ಚಿದ್ದು.

– ಡಾಂಗಲ್.

– ಹೌದು. ಇದು ಇದ್ದರೆ ಮಾತ್ರ ನನ್ನ ಅಕ್ಷರದ ತಂತ್ರಾಂಶ ತೆರೆಯುವುದು. 2002ರಲ್ಲಿ ದುಡ್ಡು ಕೊಟ್ಟು ತಗೊಂಡದ್ದು. ಮಾರಿದವರು ಈಗ ಫೋನ್ ಎತ್ತುವುದಿಲ್ಲ.

– ಇದರ ಡ್ರೈವರ್ 32 ಬಿಟ್ಟಿನದಾ?

– ಅದಕ್ಕಾಗಿಯೇ ಹತ್ತನ್ನೂ 32 ಬಿಟ್ಟಿನದೇ ಹಾಕಿಸಿಕೊಂಡೆ.

– ಅಕ್ಕ, ಹನ್ನೊಂದರಲ್ಲಿ 32 ಬಿಟ್ಟಿನದು ಇಲ್ಲವೇ ಇಲ್ಲ. 64 ಒಂದೇ. ಅದರಲ್ಲಿ 32 ಬಿಟ್ಟಿನ ಸಾದಾ ತಂತ್ರಾಂಶ ನಡೀತದೆ, ಡ್ರೈವರ್ ಮಾತ್ರ ನಡೆಯುವುದಿಲ್ಲ. ಹೊಸ ಯಂತ್ರ ತಂದರೂ ಈ ಡಾಂಗಲ್ ಅಲ್ಲಿ ಬರೀ ಒಂದು ಪ್ಲಾಸ್ಟಿಕ್ ತುಂಡು.

– ಗೊತ್ತು. ಅದಕ್ಕೇ ಎಚ್ಚರಿಕೆ ಬಂದಾಗೆಲ್ಲ ಮುಚ್ಚುವುದು. ಏನೂ ಮಾಡದಿದ್ದರೆ ಏನೂ ಹೋಗುವುದಿಲ್ಲ.

– ಅದು ಮಾತ್ರ ಒಪ್ಪಲಿಕ್ಕೆ ಆಗುವುದಿಲ್ಲ. ಈ ಡಿಸ್ಕಿಗೆ ಹನ್ನೊಂದು ವರ್ಷ. ಹನ್ನೊಂದು ಮಳೆಗಾಲದ ತೇವ ಕುಡಿದಿದೆ. ತೇಪೆ ನಿಂತಿದೆ, ಆದರೂ ಅಂತರಜಾಲಕ್ಕೆ ಜೋಡಿಸಿದ್ದೀರಿ. ಡಾಂಗಲ್ ಒಂದು ದಿನ ಸಾಯ್ತದೆ. ನೀವು ಏನೂ ಮಾಡದೆ ಕೂತಿದ್ದೀರಿ ಅಂತ ಇವು ಯಾವುವೂ ಕಾಯುವುದಿಲ್ಲ. ಕೊಳೆರೋಗ ಬರುವುದಕ್ಕೆ ಮುಂಚೆ ಔಷಧಿ ಹೊಡೀತೀರಲ್ಲ ತೋಟಕ್ಕೆ? ಬಂದ ಮೇಲೆ ಹೊಡೆದರೆ ಉದುರಿದ ಕಾಯಿ ಕೊನೆಗೆ ವಾಪಸು ಹತ್ತುವುದಿಲ್ಲ.

– ...

– ಬೇಜಾರು ಮಾಡಿಕೊಂಡಿರಾ?

– ಇಲ್ಲ. ಸರಿಯಾಗೇ ಹೇಳಿದೆ. ನಾನು ಉಳಿಸಿಕೊಂಡಿದ್ದೇನೆ ಅಂದುಕೊಂಡದ್ದು ಬಾಗಿಲು ಹಾಕಿಕೊಂಡದ್ದು ಮಾತ್ರ. ಆದರೆ ನೀನೂ ಒಂದು ಒಪ್ಪಬೇಕು. ಹತ್ತೋ ಹನ್ನೊಂದೋ ಅನ್ನುವುದು ಯಂತ್ರದ ಪ್ರಶ್ನೆ. ನನ್ನ ಪ್ರಶ್ನೆ ‘ಮ’ದ್ದು. ಹನ್ನೊಂದಕ್ಕೆ ಹೋದರೂ ಈ ಕಡತದೊಳಗೆ ‘ಮ’ ಇರುವುದಿಲ್ಲ. ನಿನ್ನ ಅಪ್ಪನ ಫೋನಿಗೆ ಬೇಕಾದದ್ದು ಆ ‘ಮ’.

– ಒಪ್ಪಿದೆ. ಹಾಗಾದರೆ ಎರಡನ್ನೂ ಬೇರೆ ಮಾಡುವಾ. ಮೊದಲು ಯಂತ್ರ, ಅದು ಸುಲಭ. ಇದರ ಡಿಸ್ಕನ್ನ ಬಿಚ್ಚುತ್ತೇನೆ, ಅಳಿಸುವುದಿಲ್ಲ, ಮುಟ್ಟುವುದೂ ಇಲ್ಲ. ಒಂದು ಪ್ರತಿ ಮಾಡಿ, ಹೆಸರು ಬರೆದು, ತೇವ ಹೋಗದ ಡಬ್ಬಿಯಲ್ಲಿ ಇಡುವುದು. ಹಳೇ ಕಡತ ತೆರೆಯಬೇಕಾದ ದಿನ ಅದನ್ನ ಜೋಡಿಸಿ, ಅಂತರಜಾಲದ ತಂತಿ ಕಿತ್ತಿಟ್ಟು ಕೆಲಸ ಮಾಡಿ. ಯಂತ್ರಕ್ಕೆ ಹೊಸದೊಂದು ಎಸ್‌ಎಸ್‌ಡಿ ಹಾಕಿ ಅದರಲ್ಲಿ ಲಿನಕ್ಸ್ ಕೂರಿಸುತ್ತೇನೆ. ಅದು ಟಿಪಿಎಂ ಕೇಳುವುದಿಲ್ಲ. ನಾಲ್ಕನೇ ಪೀಳಿಗೆಯ ಪ್ರೊಸೆಸರು ಅದಕ್ಕೆ ಧಾರಾಳ. ತೇಪೆ ಬರ್ತಾ ಇರ್ತದೆ, ಬಿಟ್ಟಿಯಾಗಿ.

– ಲಿನಕ್ಸ್ ಅಂದರೆ ನಿಮ್ಮಂಥವರಿಗೆ. ಈ ವಯಸ್ಸಿನಲ್ಲಿ ಹೊಸ ಭಾಷೆ ಕಲಿಯುವುದು ನನಗೆ ಕಷ್ಟ.

– ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಇದರಲ್ಲಿ. ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳೂ ಅದರಲ್ಲೇ ಕಲಿತವರು. ಪೆನ್‌ಡ್ರೈವಿನಲ್ಲಿ ತಂದಿದ್ದೇನೆ, ಡಿಸ್ಕ್ ಮುಟ್ಟದೆ ಇದರಿಂದಲೇ ಹತ್ತಿಸಬಹುದು. ಬೇಡವಾದರೆ ಕಿತ್ತುಬಿಟ್ಟರೆ ಮುಗೀತು, ನಿಮ್ಮ ಹತ್ತು ಇದ್ದ ಹಾಗೇ ಇರ್ತದೆ. ತೋರಿಸಲಾ?

– ಕೀಲಿಮಣೆ ಎಂತದು ಅದರಲ್ಲಿ? ಮೊದಲು ಅದು ಹೇಳು. ವಿಂಡೋಸಿನೊಳಗೆ ಇರುವ ಇನ್‌ಸ್ಕ್ರಿಪ್ಟ್ ನನ್ನ ಬೆರಳಿಗೆ ಹತ್ತುವುದಿಲ್ಲ. ನನ್ನ ಬೆರಳು ಕೆ.ಪಿ. ರಾವ್ ಅವರ ಕೀಲಿಮಣೆಯ ಮೇಲೆ ಬೆಳೆದದ್ದು. ನುಡಿಯಲ್ಲಿರುವುದು. ಯೋಚನೆ ಮಾಡದೆ ಹೋಗ್ತದೆ.

– ಇದರಲ್ಲಿ ‘ಕಗಪ’ ಅಂತ ಒಂದು ಇದೆ. ಕನ್ನಡ ಗಣಕ ಪರಿಷತ್ತಿನ ಹೆಸರಲ್ಲೇ. ಬೇರೆ ಏನೂ ಹಾಕಬೇಕಿಲ್ಲ, ಪಟ್ಟಿಯಿಂದ ಆರಿಸಿದರೆ ಸಾಕು. ತಡೀರಿ, ಹತ್ತುತ್ತಿದೆ. ಹ್ಞಾ. ಈಗ ಕುಟ್ಟಿ.

– ಎಂತ ಕುಟ್ಟಲಿ?

– ಏನಾದರೂ.

– ಮ. ಮೆ. ಮೆಟ್ಟುಗತ್ತಿ. ಹೌದನಾ! ಒತ್ತಿಗೆ ಅದೇ ಕೀಲಿ. ಬೆರಳು ಅದರಷ್ಟಕ್ಕೆ ಹೋಗ್ತಾ ಇದೆ ಮಾರಾಯ. ಈ ‘ಮ’ ನಿಜವಾದ ‘ಮ’ವಾ?

– ನಿಜವಾದ್ದು. ಫೋನಿಗೆ ಕಳಿಸಿ ಓದಿಸುತ್ತೇನೆ, ಕೇಳಿ.

– ... ‘ಮೆಟ್ಟುಗತ್ತಿ.’ ಸ್ವಲ್ಪ ರೈಲು ನಿಲ್ದಾಣದ ಧ್ವನಿ. ಆದರೆ ‘ಟ್ಟು’ ಸರಿಯಾಗಿ ಹೇಳಿತು.

– ಹಾಗಾದರೆ ಹೆದರಿಕೆ ಹೋಯಿತಾ?

– ಹೆದರಿಕೆ ಹೊಸದರ ಬಗ್ಗೆ ಇರಲೇ ಇಲ್ಲ. ಈ ಊರು ಹೊಸದಕ್ಕೆ ಹೆದರಿದ್ದು ಯಾವಾಗ ಹೇಳು? 1973ರಲ್ಲೇ ನೀನಾಸಂ ಇಲ್ಲಿ ಚಿತ್ರಸಮಾಜ ಕಟ್ಟಿತು. ಅಡಿಕೆ ಸುಲಿಯುವ ಕೈಗಳು ಜಪಾನಿನ, ಸ್ವೀಡನ್ನಿನ ಸಿನಿಮಾ ನೋಡಿದವು. ಆದರೆ ಸುಬ್ಬಣ್ಣನವರು ಬರೀ ತೆರೆ ಕಟ್ಟಿ ಬಿಡಲಿಲ್ಲ. ಏನು ನೋಡ್ತೇವೆ ಅಂತ ಕನ್ನಡದಲ್ಲಿ ಹೇಳಿದರು, ಚರ್ಚೆ ಮಾಡಿಸಿದರು. ಹೊಸದು ಒಳಗೆ ಬರುವಾಗ ನಮ್ಮ ಮಾತಿನ ಮೂಲಕ ಬಂತು. ಕಂಪ್ಯೂಟರಿನ ವಿಷಯದಲ್ಲಿ ಹಾಗೆ ಆಗಲಿಲ್ಲ. ಯಾರೋ ಬಂದು ಹಾಕಿಕೊಟ್ಟು ಹೋದರು, ನಾವು ಕುಟ್ಟಿದೆವು. ನನಗೆ ಬೇಸರ ಇರುವುದು ಅದಕ್ಕೆ. ಸರಿ, ‘ಮ’ದ ಮಾತಿಗೆ ಬಾ. ಇನ್ನೂರ ನಲವತ್ತು ಪುಟ, ಹೇಗೆ ದಾಟಿಸುವುದು?

– ಲಿಬ್ರೆ ಆಫೀಸ್ ಪೇಜ್‌ಮೇಕರ್ ಕಡತವನ್ನ ತೆರೆಯುತ್ತದೆ. ಪುಟದ ಅಂದ ಕದಲುತ್ತದೆ, ಪಠ್ಯ ಸಿಗುತ್ತದೆ. ಅಥವಾ ಹಳೇ ಡಿಸ್ಕಿನಲ್ಲೇ ಪೇಜ್‌ಮೇಕರಿನಿಂದ ಪಠ್ಯವನ್ನ ಹೊರಗೆ ತೆಗೀರಿ. ಅದನ್ನ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇವೆ. ಅರೆಗಳಿಗೆ ಕೆಲಸ.

– ಅರೆಗಳಿಗೆ ಅಲ್ಲ. ಒಂದು ಸಲ ಮಾಡಿ ನೋಡಿದ್ದೇನೆ, ಒಂದು ಪುಟ. ಕಾಗದ ತೆಗೀತೇನೆ ಇರು. ನೋಡು, ‘ಬೋರ್ಡೋ ದ್ರಾವಣ’ ಇಲ್ಲಿ ‘ಬೋಡೋರ್ ದ್ರಾವಣ’ ಆಗಿದೆ.

– ಯಾಕೆ ಹಾಗೆ?

– ಅರ್ಕಾವತ್ತು. ನಾವು ಹೇಳುವಾಗ ‘ರ’ ಮೊದಲು, ‘ಡೋ’ ಆಮೇಲೆ. ಬರೆಯುವಾಗ ‘ಡೋ’ ಮೊದಲು, ಅರ್ಕಾವತ್ತು ಬಲಗಡೆ. ಹಳೇ ಫಾಂಟು ಕಣ್ಣಿನ ಸಾಲು ಹಿಡಿದಿದೆ, ಯೂನಿಕೋಡು ಬಾಯಿಯ ಸಾಲು ಹಿಡಿದಿದೆ. ಪರಿವರ್ತಕ ತಿರುಗಿಸಿ ಹಾಕಬೇಕು. ದೀರ್ಘ ಅಡ್ಡ ಬಂದಲ್ಲಿ ಇದು ಎಡವಿತು. ಎಲ್ಲ ಕಡೆ ಎಡವಿದರೆ ಒಂದೇ ಸಲ ತಿದ್ದಬಹುದು, ಇದು ಅಲ್ಲೊಂದು ಇಲ್ಲೊಂದು. ಮತ್ತೆ ನಾನೇ ಆ ಕಾಲದಲ್ಲಿ, ಕಣ್ಣಿಗೆ ಸರಿ ಕಂಡರೆ ಸಾಕು ಅಂತ, ಒತ್ತನ್ನ ಬೇರೆ ಗುರುತಿನಿಂದ ತಂದು ಅಂಟಿಸಿದ ಜಾಗಗಳು ಇವೆ. ಅವು ನನಗೆ ಮಾತ್ರ ಗೊತ್ತು. ಅದನ್ನ ಯಾವ ಪರಿವರ್ತಕಕ್ಕೂ ಹೇಳಿಕೊಡಲಿಕ್ಕಾಗುವುದಿಲ್ಲ.

– ಮುದ್ರಿತ ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಯಂತ್ರದಿಂದ ಓದಿಸಿದರೆ? ಈಗ ಕನ್ನಡಕ್ಕೂ ಅದು ಚೆನ್ನಾಗಿ ಆಗ್ತದೆ.

– ಪೇಪರಿನ ಕನ್ನಡಕ್ಕೆ ಆಗಬಹುದು. ‘ಗೊರಬಲು’ ಕಂಡರೆ ಅದು ‘ಗೊಬ್ಬರಲು’ ಅಂತ ಏನೋ ಊಹೆ ಮಾಡ್ತದೆ. ಈ ಪುಸ್ತಕದ ಮಾತುಗಳು ಬೇರೆಲ್ಲೂ ಅಚ್ಚಾಗಿಲ್ಲ ಅಂತಲೇ ನಿನ್ನ ಅಪ್ಪ ಇದನ್ನ ಬರೆದದ್ದು. ನೋಡಿಲ್ಲದ ಮಾತನ್ನ ಯಂತ್ರ ನೋಡಿದ ಮಾತಾಗಿ ಮಾಡಿಬಿಟ್ಟರೆ, ತಪ್ಪು ಅಂತಲೂ ಯಾರಿಗೂ ಗೊತ್ತಾಗುವುದಿಲ್ಲ.

– ಅಂದರೆ ಕೂತು ಓದಿ ತಿದ್ದಬೇಕು.

– ಕೂತು ಓದಿ ತಿದ್ದಬೇಕು. ಅಂಥವು ನನ್ನಲ್ಲಿ ಎಷ್ಟಿವೆ ಗೊತ್ತಾ? ಪುಸ್ತಕವೇ ಎಂಬತ್ತರ ಮೇಲೆ. ಸ್ಮರಣ ಸಂಚಿಕೆ, ಸೊಸೈಟಿಯ ಅರ್ಧ ಶತಮಾನದ ಚರಿತ್ರೆ, ಸಣ್ಣ ಊರುಗಳ ಯಕ್ಷಗಾನ ಮೇಳದ ಪ್ರಸಂಗಗಳು. ಎಲ್ಲವೂ ನನ್ನ ಒಬ್ಬಳ ಕೈಯಲ್ಲಿ ಆಗುವುದಿಲ್ಲ. ಮೊದಲು ಯಾವುದು ಅಂತ ಆರಿಸಬೇಕು. ಬರೆದವರು ಇನ್ನೂ ಇದ್ದಾರೆ, ಸಂಶಯ ಬಂದರೆ ಕೇಳಬಹುದು, ಅಂಥವು ಮೊದಲು. ಅವರು ಹೋದ ಮೇಲೆ ‘ಇದು ಅಚ್ಚಿನ ತಪ್ಪಾ, ಅವರ ಊರಿನ ಮಾತಾ’ ಅಂತ ಹೇಳುವವರು ಇರುವುದಿಲ್ಲ.

– ಅಪ್ಪನದು ಮೊದಲಾ?

– ನಿನ್ನ ಅಪ್ಪನದೇ ಮೊದಲು. ನೀನು ಬಂದೆ ಅಂತಲ್ಲ. ಕಣ್ಣು ಕಾಣದವರಿಗೆ ಕಾಯಲಿಕ್ಕೆ ಹೇಳುವುದು ನ್ಯಾಯವಲ್ಲ.

– ಎಸ್‌ಎಸ್‌ಡಿ ನಾಳೆ ತರ್ತೇನೆ. ಹಳೇ ಡಿಸ್ಕಿಗೆ ಇವತ್ತೇ ಪ್ರತಿ ತೆಗೆದುಬಿಡ್ತೇನೆ. ಡಾಂಗಲ್ ಜೋಪಾನ, ಡಬ್ಬಿಯಲ್ಲೇ ಇಡಿ. ಮತ್ತೆ, ಹೊಸದಾಗಿ ಯಾವ ಕೆಲಸ ಬಂದರೂ ಇನ್ನು ಯೂನಿಕೋಡ್ ಒಂದೇ. ಅಚ್ಚಿನ ಮನೆಯವರಿಗೆ ಪಿಡಿಎಫ್ ಕೊಟ್ಟರೆ ಸಾಕು ಈಗ. ಪುಟ ಕಟ್ಟಲಿಕ್ಕೆ ಸ್ಕ್ರೈಬಸ್ ಇದೆ, ಕನ್ನಡದ ಒತ್ತುಗಳನ್ನ ಈಗ ಸರಿಯಾಗಿ ಕೂರಿಸ್ತದೆ. ಪೇಜ್‌ಮೇಕರಿನಷ್ಟು ಬೇಗ ಕೈಗೆ ಹತ್ತುವುದಿಲ್ಲ, ನಾನೂ ಶನಿವಾರ ಬರ್ತೇನೆ.

– ಪ್ರಿಂಟರ್ ನಡೀತದಾ ಅದರಲ್ಲಿ?

– ನೋಡಬೇಕು. ನಡೆಯದಿದ್ದರೆ ಆ ಒಂದು ಕಾರಣಕ್ಕೆ ಪ್ರಿಂಟರ್ ಬದಲಿಸುವುದು.

– ಸರಿ. ಆ ಮುದ್ರಿತ ಪ್ರತಿ ತಗೋ, ಮೇಲಿನ ಕಪಾಟಿನಲ್ಲಿದೆ, ನೀಲಿ ರಟ್ಟು. ಪರಿವರ್ತಕದಲ್ಲಿ ಮೊದಲ ಅಧ್ಯಾಯ ತಿರುಗಿಸಿ ಇಲ್ಲಿ ತೆರೆ. ಅಚ್ಚುಕೂಟದಲ್ಲಿ ನಾವು ಮಾಡುತ್ತಿದ್ದದ್ದು ಹೀಗೆ. ಒಬ್ಬರು ಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು ಕೂರುವುದು. ಕೆಲಸದವರು ಕಾಫಿಗೆ ಬರಲಿಕ್ಕೆ ಇನ್ನೂ ಅರ್ಧ ಗಂಟೆ ಉಂಟು.

– ಎಲ್ಲಿಂದ ಓದಲಿ? ಅರಿಕೆಯಿಂದಲಾ?

– ಅರಿಕೆ ಆಮೇಲೆ. ಮಾತುಗಳಿಂದ ಶುರು ಮಾಡು.

– ‘ಅಟ್ಟ.’

– ಸರಿ ಇದೆ. ಮುಂದೆ. ನಿಧಾನ ಓದು, ಅಲ್ಪವಿರಾಮ ಬಂದಲ್ಲಿ ಅಲ್ಪವಿರಾಮ ಅಂತ ಹೇಳು.